ಫೈಟರ್ ಕೈಯಲ್ಲೇ ಉಳಿದ ದಾಳ

ಕೊಪ್ಪಳದಲ್ಲಿ ನಾವು ಐದು ಜನ ಗೆಳೆಯರು ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಕಥೆ ಬೆಳೆಸುವ ಆಟ ಇದು. ಕಥೆ ನಡೆಸುವ ಡಿಎಂ ನಾನು. ಮೇಜಿನ ಮೇಲೆ ಚೌಕ ಗೆರೆಯ ಹಾಳೆ, ವಗ್ಗರಣಿ-ಮಿರ್ಚಿ ತಟ್ಟೆ, ಡ್ರ್ಯಾಗನ್ ಜಾಗದಲ್ಲಿ ಕಿನ್ನಾಳದ ಒಂದು ಪುಟ್ಟ ಮರದ ಆನೆ.

ಹೋದ ತಿಂಗಳು ಒಂದು ಗುಹೆ ಕಾಳಗಕ್ಕೆ ಎರಡು ರಾತ್ರಿ ಕೂತು ತಯಾರಿ ಮಾಡಿದ್ದೆ. ಎದುರಿಗೆ ಪುಟ್ಟ ರಾಕ್ಷಸರಂಥ ಹನ್ನೊಂದು ಗಾಬ್ಲಿನ್‌ಗಳು. ಮೊದಲ ಸರದಿ ಮಾಂತ್ರಿಕನದು, ಅಂದರೆ ವಿಜರ್ಡ್‌ದು. ಅವನು ಹಿಪ್ನಾಟಿಕ್ ಪ್ಯಾಟರ್ನ್ ಅನ್ನೋ ಮರುಳು ಮಾಡುವ ಮಂತ್ರ ಹಾಕಿದ. 30 ಅಡಿ ಜಾಗದಲ್ಲಿ ಬಣ್ಣಗಳು ಸುಳಿದವು, ಒಂಬತ್ತು ಗಾಬ್ಲಿನ್‌ಗಳು ಬಾಯಿ ಬಿಟ್ಟುಕೊಂಡು ನಿಂತವು. ಅಲ್ಲಿಗೆ ಕಾಳಗ ಮುಗೀತು. ಫೈಟರ್, ಅಂದರೆ ಆಯುಧ ಹಿಡಿದ ಯೋಧನ ಪಾತ್ರ ಆಡುವವನು ಇಪ್ಪತ್ತು ಮುಖದ ದಾಳವನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದ. "ಮತ್ತ ನಾ ಬಂದಿದ್ದರ ಯಾಕಲೇ?" ಅಂದ.

ಅವನಿಗೆ ನಿಜಕ್ಕೂ ಬೇಜಾರಾಗಿತ್ತು. ಈ ಬೇಜಾರಿಗೆ ಐವತ್ತು ವರ್ಷದ ಹಿನ್ನೆಲೆ ಇದೆ.

1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಚೈನ್‌ಮೇಲ್ ಅನ್ನೋ ಯುದ್ಧದ ಆಟ ತಂದರು. ಗೊಂಬೆ ಸೈನ್ಯಗಳನ್ನು ಎದುರಾ ಬದುರಾ ನಿಲ್ಲಿಸಿ ಆಡುವ ಆಟ ಅದು. ಅದರಲ್ಲಿ ಮಾಂತ್ರಿಕ ಅಂದರೆ ಒಂದು ತೋಪಿದ್ದ ಹಾಗೆ. ಅವನ ಬೆಂಕಿ ಉಂಡೆ ಕಲ್ಲು ಎಸೆಯುವ ದೊಡ್ಡ ಯಂತ್ರದ ಏಟಿನಷ್ಟು ಜಾಗ ಸುಡುತ್ತಿತ್ತು. ಬಯಲಿನಲ್ಲಿ ನೂರಾರು ಸೈನಿಕರ ನಡುವೆ ಅದು ಸರಿಯೇ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ, ಅದೇ ತೋಪು ನಾಲ್ಕೈದು ಜನರ ಗುಂಪಿನ ಜೊತೆ ಗುಹೆಯೊಳಕ್ಕೆ ನಡೆಯಿತು. ಸಮಸ್ಯೆಯ ಬೇರು ಇಲ್ಲೇ ಇದೆ ಅನ್ನೋದು ನನ್ನ ನಂಬಿಕೆ.

ಆಗಿನವರಿಗೆ ಇದು ಗೊತ್ತಿತ್ತು. ಅದಕ್ಕೇ ಬೆಲೆಯನ್ನೂ ಜಾಸ್ತಿ ಇಟ್ಟಿದ್ದರು. ಒಮ್ಮೆ ಹಾಕಿದ ಮಂತ್ರ ತಲೆಯಿಂದ ಅಳಿಸಿಹೋಗುತ್ತದೆ, ಮತ್ತೆ ಪುಸ್ತಕ ತೆಗೆದು ಕಲಿಯಬೇಕು. ಈ ಕಲ್ಪನೆ ಜಾಕ್ ವ್ಯಾನ್ಸ್ ಕಥೆಗಳಿಂದ ಬಂದದ್ದು. ದೊಡ್ಡಾಟ ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ, ಅಲ್ವಾ? ಇಂದ್ರ ಕೊಟ್ಟ ಶಕ್ತಿ ಕರ್ಣನಿಗೆ ಒಂದೇ ಸಲಕ್ಕೆ. ಅರ್ಜುನನಿಗೆಂದು ಕಾದಿಟ್ಟಿದ್ದ, ರಾತ್ರಿ ಕಾಳಗದಲ್ಲಿ ಘಟೋತ್ಕಚನ ಮೇಲೆ ಖರ್ಚು ಮಾಡಬೇಕಾಯಿತು. ಆ ಶಕ್ತಿ ಎಷ್ಟು ದೊಡ್ಡದು ಅನ್ನೋದಕ್ಕಿಂತ ಅದನ್ನು ಯಾವಾಗ ಬಿಟ್ಟ ಅನ್ನೋದೇ ಕಥೆಯ ಜೀವ.

1978ರ ನಿಯಮಗಳಲ್ಲಿ ಮಾಂತ್ರಿಕನ ಜೀವಬಲಕ್ಕೆ ನಾಲ್ಕು ಮುಖದ ದಾಳ, ಅಂದರೆ ಜೀವ ತೀರಾ ಕಡಿಮೆ. ಮೊದಲ ಲೆವೆಲ್‌ನಲ್ಲಿ ದಿನಕ್ಕೆ ಒಂದೇ ಮಂತ್ರ. ಹೇಳುತ್ತಿರುವಾಗ ಏಟು ಬಿದ್ದರೆ ಆ ಮಂತ್ರವೂ ಹಾಳು. ಬೆಂಕಿ ಉಂಡೆ ಸುಮಾರು 33,000 ಘನ ಅಡಿ ತುಂಬುತ್ತಿತ್ತು. ಇಕ್ಕಟ್ಟಾದ ಗುಹೆಯಲ್ಲಿ ಎಸೆದರೆ ಎಸೆದವನ ಕಡೆಗೇ ಬೆಂಕಿ ವಾಪಸ್ ಬರುತ್ತಿತ್ತು.

2000ದ ಮೂರನೇ ಆವೃತ್ತಿ ಆಟವನ್ನು ಸಲೀಸು ಮಾಡಿತು. ಮಂತ್ರ ಕೆಡದಂತೆ ಎಚ್ಚರಿಕೆಯಿಂದ ಹಾಕುವ ದಾರಿ ಬಂತು, ಮಂತ್ರದ ಕೋಲುಗಳನ್ನು ಮಾಡಿಕೊಳ್ಳೋದು ಸುಲಭವಾಯಿತು. ಬೆಲೆ ಇಳಿಯಿತು, ಬಲ ಮಾತ್ರ ಹಾಗೇ ಉಳಿಯಿತು. ವೇಗ ಹೆಚ್ಚಿಸಿ ಸರದಿಯಲ್ಲಿ ಹೆಚ್ಚುವರಿ ಅವಕಾಶ ಕೊಡುವ ಹೇಸ್ಟ್ ಮಂತ್ರ ಎಷ್ಟು ಮಿತಿಮೀರಿತ್ತು ಅಂದರೆ 2003ರ ತಿದ್ದುಪಡಿಯಲ್ಲಿ ಅದರ ಕೈ ಕಟ್ಟಬೇಕಾಯಿತು.

2008ರ ನಾಲ್ಕನೇ ಆವೃತ್ತಿ ಫೈಟರ್‌ಗೂ ವಿಜರ್ಡ್‌ಗೂ ಒಂದೇ ಅಚ್ಚು ಹಾಕಿತು. ಯಾವಾಗ ಬೇಕಾದರೂ ಬಳಸುವ ಶಕ್ತಿ, ಕಾಳಗಕ್ಕೊಂದು, ದಿನಕ್ಕೊಂದು. ಲೆಕ್ಕ ಸರಿಹೋಯಿತು, ಆದರೆ ಮಂತ್ರದ ರುಚಿಯೇ ಹೋಯಿತು ಅಂತ ಎಷ್ಟೋ ಜನ 2009ರಲ್ಲಿ ಬಂದ ಪಾತ್‌ಫೈಂಡರ್ ಅನ್ನೋ ಇದೇ ಬಗೆಯ ಇನ್ನೊಂದು ಆಟದ ಕಡೆ ನಡೆದರು. ಅವರ ಬೇಸರ ನನಗೆ ಅರ್ಥವಾಗುತ್ತದೆ.

2014ರ ಐದನೇ ಆವೃತ್ತಿಯ ಕಾನ್ಸಂಟ್ರೇಶನ್ ನಿಯಮ ನನಗೆ ತುಂಬಾ ಇಷ್ಟ. ಮನಸ್ಸಿಟ್ಟು ಹಿಡಿದಿಡಬೇಕಾದ ಮಂತ್ರಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಹಿಡಿಯಬಹುದು. ಏಟು ಬಿದ್ದರೆ ದಾಳ ಹಾಕಬೇಕು, ಕನಿಷ್ಠ 10 ಬರದಿದ್ದರೆ ಮಂತ್ರ ಜಾರಿತು. ದೊಡ್ಡ ರಾಕ್ಷಸರಿಗೆ ತಮ್ಮ ಮೇಲೆ ಬಿದ್ದ ಮಂತ್ರವನ್ನು ದಿನಕ್ಕೆ ಮೂರು ಸಲ ಕೊಡವಿಕೊಳ್ಳುವ ಅವಕಾಶವನ್ನೂ ಕೊಟ್ಟರು. ಇದು ನನಗೆ ಅಷ್ಟು ಹಿಡಿಸಲ್ಲ. ಆಟಗಾರ ಚೆನ್ನಾಗಿ ಯೋಚಿಸಿ ಹಾಕಿದ ಮಂತ್ರಕ್ಕೆ ಡಿಎಂ ಸುಮ್ನೆ "ಇಲ್ಲ" ಅಂದುಬಿಡುತ್ತಾನೆ.

ಇನ್ನೊಂದು ಮಾತು ಆ ಆವೃತ್ತಿಯ ಪುಸ್ತಕದಲ್ಲೇ ಇತ್ತು. ಕಥೆಯೊಳಗಿನ ಒಂದು ದಿನಕ್ಕೆ ಆರರಿಂದ ಎಂಟು ಕಾಳಗ ಅಂತ ಲೆಕ್ಕ ಹಾಕಿ ಆಟ ಕಟ್ಟಿದ್ದರು. ನಾನು ದಿನಕ್ಕೊಂದೇ ಕಾಳಗ ಇಡುತ್ತಿದ್ದೆ. ವಿಜರ್ಡ್ ಯಾಕೆ ಕೂಡಿಡಬೇಕು? ತಪ್ಪು ನನ್ನದೇ.

ಹಾಗಾಗಿ ಯಾವ ಮಂತ್ರಕ್ಕೂ ಕೈ ಹಚ್ಚಲಿಲ್ಲ. ಗಾಬ್ಲಿನ್‌ಗಳನ್ನು ದೂರ ದೂರ ನಿಲ್ಲಿಸಿದೆ. ಹಿಂದೆ ಒಬ್ಬನನ್ನು ಇಟ್ಟೆ. ಅವನು ಓಡಿ ಬಂದು ಮರುಳಾದವರ ಭುಜ ಅಲ್ಲಾಡಿಸುತ್ತಾನೆ, ಅಲ್ಲಾಡಿಸಿದರೆ ಎಚ್ಚರವಾಗುತ್ತದೆ ಅಂತ ಮಂತ್ರದಲ್ಲೇ ಬರೆದಿದೆ. ರಾತ್ರಿ ಮಲಗುವ ಮೊದಲು ಮೂರು ಕಾಳಗ ಅಂತ ಮೊದಲೇ ಹೇಳಿದೆ.

ಹೋದ ಭಾನುವಾರ ಮೂರನೇ ಕಾಳಗ. ಬಾಗಿಲಲ್ಲಿ ಕಿನ್ನಾಳದ ಆನೆ ನಿಂತಿತ್ತು. ವಿಜರ್ಡ್ ಬಳಿ ದೊಡ್ಡ ಮಂತ್ರಕ್ಕೆ ಒಂದೇ ಅವಕಾಶ ಉಳಿದಿತ್ತು. ತುಂಬಾ ಹೊತ್ತು ಯೋಚಿಸಿ ಹೇಸ್ಟ್ ಅನ್ನು ಫೈಟರ್ ಮೇಲೆ ಹಾಕಿದ. ಮರುಕ್ಷಣ ಅವನಿಗೇ ಒಂದು ಬಾಣ ತಗುಲಿತು. ಹಿಡಿತ ತಪ್ಪಿದರೆ ಫೈಟರ್ ಒಂದು ಸರದಿ ಮರಗಟ್ಟಿ ನಿಲ್ಲಬೇಕು. ದಾಳ ಮಿರ್ಚಿ ತಟ್ಟೆಗೆ ಬಡಿದು ತಿರುಗಿತು, ಐವರೂ ಬಗ್ಗಿ ನೋಡಿದೆವು. 12.

ಫೈಟರ್ ಎರಡು ಸಲ ಹೊಡೆದ. ನಾನು ಆನೆಯ ಸರದಿಗೆ ಕೈ ಹಾಕಿದೆ.

"ತಡಿಯಲೇ," ಅಂದ, "ಇನ್ನೊಂದು ಏಟು ಐತಿ ನಂದು."