ಬಣ್ಣದ ಡಬ್ಬಿ ತೆರೆಯುವ ಮೊದಲು ಧರೆ ನೋಡಿ

ಅಡಿಕೆ ಕೊಯ್ಲು ಮುಗಿದು, ಶಿವರಾತ್ರಿ ಕಳೆದು, ನಾಲ್ಕು ಕಾಸು ಕೈಗೆ ಬಂದ ಹೊತ್ತಿಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ‘ಮಳೆಗಾಲದೊಳಗೆ ಮನೆಗೆ ಒಂದಿಷ್ಟು ಕೆಲಸ ಮಾಡಿಸಬೇಕಿತ್ತು’ ಎಂದು ಎಲ್ಲರ ಮಾತೂ ಶುರುವಾಗುತ್ತದೆ. ಮೊದಲು ಹೊರಗೋಡೆಗೆ ಬಣ್ಣ. ಆಮೇಲೆ ಮಗಳ ಮದುವೆಗೋ ಗೃಹಪ್ರವೇಶವಾಗಿ ವರ್ಷ ತುಂಬಿದ್ದಕ್ಕೋ ಅಂಗಳಕ್ಕೆ ಇಂಟರ್‌ಲಾಕ್ ಬ್ಲಾಕ್. ಕೊನೆಗೆ, ಹೇಗೂ ಜೆಸಿಬಿ ಬಂದೇ ಬರುತ್ತದಲ್ಲ ಎಂದು, ಮನೆ ಹಿಂದಿನ ಧರೆಯನ್ನು, ಅಂದರೆ ಗುಡ್ಡ ಕಡಿದಲ್ಲಿ ನೇರ ನಿಂತ ಮಣ್ಣಿನ ಬದಿಯನ್ನು, ಎಂಟಡಿ ಹಿಂದಕ್ಕೆ ಕಡಿಸಿ ಕಾರು ನಿಲ್ಲಿಸಲು ಜಾಗ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆ ಕಟ್ಟಿಸುವ, ರಿಪೇರಿ ಮಾಡಿಸುವ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಸಿವಿಲ್ ಇಂಜಿನಿಯರ್ ನಾನು. ಈ ಪಟ್ಟಿಯನ್ನು ನಾನು ಯಾವಾಗಲೂ ತಲೆಕೆಳಗು ಮಾಡಿಯೇ ಓದುವುದು. ಮೊದಲು ಧರೆ, ಆಮೇಲೆ ಅಂಗಳ, ಆಮೇಲೆ ಗೋಡೆ ಮತ್ತು ಮಾಡು. ಬಣ್ಣ ಎಲ್ಲಕ್ಕಿಂತ ಕಡೆಗೆ.

ಮಲೆನಾಡಿನಲ್ಲಿ ಬೇಸಿಗೆಯ ಕೆಲಸವೆಂದರೆ ನೀರಿನ ಕೆಲಸ. ತೊಂದರೆ ಏನೆಂದರೆ, ಕೆಲಸ ಹಿಡಿಯುವ ಹೊತ್ತಿಗೆ ನೀರೇ ಇರುವುದಿಲ್ಲ. ಹೊಸನಗರದ ಕಡೆ ಒಂದು ಮನೆಗೆ ಮಾರ್ಚ್‌ನಲ್ಲಿ ಹೋಗಿದ್ದೆ. ಎಂಬತ್ತು ದಾಟಿದ ಅಮ್ಮ ಒಬ್ಬರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ‘ಇಂಜಿನಿಯರ್ರೇ, ನೀವು ಈಗ ಬಂದ್ರೆ ಎಂತ ಕಾಣ್ತದೆ? ಆರಿದ್ರಾ ಮಳೆಗೆ ಬನ್ನಿ’ ಎಂದರು. ‘ಅಮ್ಮಾ, ಆರಿದ್ರಾಕ್ಕೆ ಬಂದರೆ ಕೆಲಸ ಮಾಡೋಕಾಗಲ್ಲ. ಎಲ್ಲೆಲ್ಲಿ ನೀರು ಬರ್ತದೆ ನೀವೇ ತೋರಿಸಿ’ ಎಂದೆ. ಕತ್ತಿ ಬದಿಗಿಟ್ಟು ಎದ್ದು ಬಂದವರು, ಮಗ ತೋರಿಸಿದ ಎರಡು ಜಾಗದ ಜೊತೆಗೆ ಮತ್ತೆ ಐದು ಜಾಗ ತೋರಿಸಿದರು. ಬಚ್ಚಲಿನ ಹಿಂದೆ ಜುಲೈನಲ್ಲಿ ಜಲ ಏಳುವ ಮೂಲೆ, ಅಕ್ಕಿ ಡಬ್ಬ ಇಡಲಾಗದ ಅಡುಗೆಮನೆಯ ಗೋಡೆ, ದೇವರಕೋಣೆಯ ಹೊಸ್ತಿಲು. ಅಂದಿನಿಂದ ಯಾವ ಮನೆಗೆ ಹೋದರೂ ಆ ಮನೆಯ ನೆಲ ಒರೆಸುವವರು ಯಾರೋ ಅವರನ್ನು ಮೊದಲು ಮಾತಾಡಿಸುತ್ತೇನೆ.

ಗುರುತುಗಳು ಬೇಸಿಗೆಯಲ್ಲೂ ಇರುತ್ತವೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹುಡಿಹುಡಿಯಾಗಿ ಉದುರುತ್ತಿದ್ದರೆ ನೆಲದ ತೇವ ಮೇಲೇರಿದೆ ಎಂದರ್ಥ. ಹೊರಗೋಡೆಯ ಮೇಲೆ ಒಣಗಿದ ಹಾವಸೆಯ ಕಪ್ಪು ಪಟ್ಟಿ ಎಷ್ಟು ಎತ್ತರಕ್ಕಿದೆಯೋ ಸೂರಿನ ನೀರು ಅಷ್ಟು ಎತ್ತರಕ್ಕೆ ಸಿಡಿದಿದೆ. ಇಂಥ ಗುರುತುಗಳ ಮೇಲೆ ಬಣ್ಣ ಬಳಿದರೆ ನಮಗೆ ದಾರಿ ತೋರಿಸುವ ಏಕೈಕ ಸಾಕ್ಷಿಯನ್ನೇ ಅಳಿಸಿದ ಹಾಗೆ. ಅದಕ್ಕೇ ಬಣ್ಣದವರನ್ನು ಮೊದಲು ಕರೆಯಬೇಡಿ ಎಂದು ಅಷ್ಟು ಒತ್ತಿ ಹೇಳುವುದು.

ಈಗ ಧರೆಯ ವಿಷಯ. ನನಗೆ ನಿದ್ದೆಗೆಡಿಸುವುದು ಇದೊಂದೇ. ನಮ್ಮ ಕಡೆಯ ಮನೆಗಳು ಗುಡ್ಡದ ಬದಿಯನ್ನು ಕಡಿದು ಸಮ ಮಾಡಿದ ಜಾಗದಲ್ಲಿ ಕೂತಿವೆ. ಏಪ್ರಿಲ್‌ನಲ್ಲಿ ಕೆಮ್ಮಣ್ಣಿನ ಧರೆ ಕಲ್ಲಿನಂತೆ ಗಟ್ಟಿ. ಹದಿನೈದು ಅಡಿ ನೇರವಾಗಿ ಕಡಿದರೂ ಗೋಡೆಯ ಹಾಗೆ ನಿಲ್ಲುತ್ತದೆ, ಜೆಸಿಬಿಯವರು ಅರ್ಧ ದಿನದಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ. ಆ ಗಟ್ಟಿತನವನ್ನು ನಂಬಬಾರದು. ಮಳೆ ಹಿಡಿದು ನೀರು ಇಂಗಿದ ಮೇಲೆ ಅದೇ ಮಣ್ಣಿನ ತೂಕ ಹೆಚ್ಚುತ್ತದೆ, ಕಣಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಬುಡ ಕಡಿದ ಧರೆ ಜಾರಲು ಇಷ್ಟು ಸಾಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನ ಹೆದ್ದಾರಿಯಲ್ಲಿ ಮಳೆ ಕುಡಿದ ಗುಡ್ಡ ಹೇಗೆ ಇಳಿದು ಬಂತೆಂಬುದನ್ನು ಎಲ್ಲರೂ ನೋಡಿದ್ದೇವೆ. ಕಾರು ನಿಲ್ಲಿಸಲು ಜಾಗ ಬೇಕಿದ್ದರೆ ಗೇಟಿನ ಬಳಿ ಹುಡುಕಿ. ಮನೆ ಹಿಂದಿನ ಧರೆಯ ಬುಡಕ್ಕೆ ಯಂತ್ರದ ಕೈ ಹಾಕಿಸಬೇಡಿ. ಈಗಾಗಲೇ ಕಡಿದಾಗಿದ್ದು, ಆಳೆತ್ತರ ಮೀರಿದ್ದರೆ ಸ್ಥಳ ನೋಡಿ ಹೇಳಬಲ್ಲವರನ್ನು ಕರೆಸಿ.

ಇರುವ ಧರೆಗೆ ಬೇಸಿಗೆಯಲ್ಲಿ ಮಾಡಬೇಕಾದ ಕೆಲಸ ಮೇಲಿನಿಂದ ಶುರುವಾಗಬೇಕು. ಧರೆಯ ನೆತ್ತಿಯಿಂದ ಕೆಲವು ಅಡಿ ಹಿಂದೆ ಒಂದು ಕಾಲುವೆ ತೆಗೆದು, ಗುಡ್ಡದಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಹಳೆಯ ಕಾಲುವೆ ಇದ್ದರೆ ತರಗೆಲೆ ಬಾಚಿ, ಹೂಳು ತೆಗೆಯಬೇಕು. ಕಾಲುವೆಯ ತಳ ಸೀಳಿದ್ದರೆ ನೀರು ಧರೆಯ ಹೊಟ್ಟೆಗೇ ಇಳಿಯುತ್ತದೆ, ಅಲ್ಲಿ ಸಿಮೆಂಟ್ ಗಾರೆ ಮಾಡಿಸಿ. ಧರೆಯ ಮುಖದ ಮೇಲೆ ಲಾವಂಚ ನೆಡುವುದು ಒಳ್ಳೆಯದು. ಅದರ ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಆದರೆ ಏಪ್ರಿಲ್ ಬಿಸಿಲಿಗೆ ನೆಟ್ಟು ಸುಡಬೇಡಿ, ನೆಲ ನೆನೆದ ಮೇಲೆ ನೆಡಿ.

ತಡೆಗೋಡೆಯ ಬಗ್ಗೆ ಬರೆಯುವಾಗ ನನ್ನ ತಪ್ಪನ್ನು ಹೇಳಲೇಬೇಕು. ಕೆಲಸಕ್ಕಿಳಿದ ಮೂರನೇ ವರ್ಷ ಒಂದು ಮನೆಗೆ ಕಲ್ಲಿನ ತಡೆಗೋಡೆ ಕಟ್ಟಿಸಿದೆ. ಗೋಡೆಯ ಮುಖದಲ್ಲಿ ನೀರು ಬಸಿಯುವ ಪೈಪುಗಳು ಕಂಡರೆ ಚೆಂದವಲ್ಲ ಎಂದು ಮನೆಯವರು ಹೇಳಿದರು, ನಾನು ಒಪ್ಪಿಬಿಟ್ಟೆ. ಆಗಸ್ಟ್‌ನ ಒಂದು ಬೆಳಗ್ಗೆ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು, ಮಧ್ಯಾಹ್ನಕ್ಕೆ ಬಿತ್ತು. ದೇವರ ದಯೆ, ಆ ಹೊತ್ತಿಗೆ ಹಿತ್ತಲಲ್ಲಿ ಯಾರೂ ಇರಲಿಲ್ಲ. ಲೆಕ್ಕ ಬಹಳ ಸರಳ. ಎರಡು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಮಣ್ಣಿನ ಒತ್ತಡ ಬಿಟ್ಟು ನೀರೊಂದೇ ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 2 ಟನ್ ಬಲದಿಂದ ಮುಂದಕ್ಕೆ ನೂಕುತ್ತದೆ. ಐದಾರು ಅಡಿಗೊಂದು ಮೂರು ಇಂಚಿನ ಪೈಪ್ ಹೊರಕ್ಕೆ ಬಾಗುವಂತೆ ಇಟ್ಟು, ಅದರ ಹಿಂದೆ ಜಲ್ಲಿ ತುಂಬಿದರೆ ಆ ನೀರು ನಿಲ್ಲುವುದೇ ಇಲ್ಲ. ನಿಮ್ಮ ಮನೆಯ ತಡೆಗೋಡೆಯಲ್ಲಿ ಪೈಪುಗಳಿದ್ದರೆ ಈ ವಾರವೇ ಒಂದು ಕಬ್ಬಿಣದ ಸರಳು ತೂರಿಸಿ ನೋಡಿ. ಕಣಜದ ಗೂಡು, ಮಣ್ಣು, ಬೇರು ತುಂಬಿ ಅರ್ಧಕ್ಕರ್ಧ ಮುಚ್ಚಿರುವುದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ.

ಅಂಗಳಕ್ಕೆ ಬರೋಣ. 1,200 ಚದರಡಿಯ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ ಸೂರಿನಿಂದ ಇಳಿಯುವುದು ಸುಮಾರು 11,000 ಲೀಟರ್. ಆಷಾಢದಲ್ಲಿ ಅಂಥ ದಿನ ನಮಗೆ ಹೊಸತಲ್ಲ. ಈ ನೀರು ಹೊರಹೋಗುವ ದಾರಿಯನ್ನು ಇಂಟರ್‌ಲಾಕ್ ಹಾಕುವ ಮೊದಲೇ ತೀರ್ಮಾನ ಮಾಡಬೇಕು. ಸಾಮಾನ್ಯವಾಗಿ ಆಗುವ ತಪ್ಪು ಇದು: ಹಳೆಯ ಅಂಗಳವನ್ನು ಅಗೆಯದೆ ಅದರ ಮೇಲೇ ಜಲ್ಲಿ, ಎಂ-ಸ್ಯಾಂಡ್ ಹರಡಿ ಬ್ಲಾಕ್ ಕೂರಿಸುತ್ತಾರೆ. ಅಂಗಳ ನಾಲ್ಕೈದು ಇಂಚು ಮೇಲೇರುತ್ತದೆ, ಮನೆಯ ಪಾಯ ಅಷ್ಟು ಹೂತುಹೋಗುತ್ತದೆ. ಮರು ವರ್ಷ ಒಳಗಿನ ಗೋಡೆ ಬೆವರಲು ಶುರು. ಆದ್ದರಿಂದ ಎಷ್ಟು ದಪ್ಪ ತುಂಬುತ್ತೀರೋ ಅಷ್ಟನ್ನು ಮೊದಲು ಅಗೆದು ತೆಗೆಯಿರಿ. ಮನೆಯಿಂದ ಹೊರಕ್ಕೆ ಹತ್ತಡಿಗೆ ಎರಡರಿಂದ ಎರಡೂವರೆ ಇಂಚು ವಾಟ ಇರಲಿ. ಕಣ್ಣಳತೆ ಬೇಡ. ಮೇಸ್ತ್ರಿಗಳ ಬಳಿ ಲೆವೆಲ್ ಟ್ಯೂಬ್ ಇರುತ್ತದೆ, ನಿಮ್ಮೆದುರೇ ಹಿಡಿದು ತೋರಿಸಲಿ. ಅಂಗಳ ಪೂರ್ತಿ ಮುಚ್ಚಿಸಲೇಬೇಕೆಂದೂ ಇಲ್ಲ. ತುಳಸಿಕಟ್ಟೆಯ ಸುತ್ತ, ತೆಂಗಿನ ಬುಡದಲ್ಲಿ ಮಣ್ಣು ಮಣ್ಣಾಗಿಯೇ ಇರಲಿ ಎಂಬುದು ನನ್ನ ಆಸೆ, ಬಾವಿಗೂ ಅದು ಬೇಕು.

ಹಳೆಯ ಜಂಬಿಟ್ಟಿಗೆ ಗೋಡೆಗಳ ಬಗ್ಗೆ ಒಂದು ಮಾತು. ಆ ಕಲ್ಲು ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ದಪ್ಪ ಸಿಮೆಂಟ್ ಗಾರೆ ಬಡಿದು ಉಸಿರು ಕಟ್ಟಿಸಿದರೆ ತೇವ ಒಳಗೇ ಉಳಿದು, ಗಾರೆ ಹಲಗೆಯ ಹಾಗೆ ಕಳಚಿ ಬರುತ್ತದೆ. ಸುಣ್ಣದ ಗಾರೆ ಗೊತ್ತಿರುವ ಕೆಲಸದವರು ಸಿಕ್ಕರೆ ಬಿಡಬೇಡಿ.

ಹಂಚಿನ ಮಾಡಿಗೆ ಹೆಚ್ಚು ಹೇಳಬೇಕಾಗಿಲ್ಲ, ಕೈಯಾಡಿಸುವುದು ನಮ್ಮವರಿಗೆ ಗೊತ್ತು. ಒಡೆದ ಹಂಚು ಬದಲಿಸುವಾಗ ಅದರಡಿಯ ಮರದ ಪಟ್ಟಿಯನ್ನು (ರೀಪು) ಉಗುರಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಗೆದ್ದಲೋ ಕುಂಬೋ ಎಂದರ್ಥ. ಆರ್‌ಸಿಸಿ ತಾರಸಿಯ ಬಿರುಕಿಗೆ ಮಾತ್ರ ಜನ ಮತ್ತೆ ಮತ್ತೆ ಸಿಮೆಂಟ್ ಹಾಲು ಸುರಿದು ಸೋಲುತ್ತಾರೆ. ಕಾಂಕ್ರೀಟ್ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ. ಹತ್ತು ಮೀಟರ್ ಉದ್ದದ ತಾರಸಿ 30 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3 ಮಿಲಿಮೀಟರ್ ಸರಿದಾಡುತ್ತದೆ. ಬರೀ ಸಿಮೆಂಟ್ ಆ ಎಳೆತಕ್ಕೆ ಮತ್ತೆ ಸೀಳುತ್ತದೆ. ಬಿರುಕನ್ನು ವಿ ಆಕಾರದಲ್ಲಿ ಬಿಡಿಸಿ, ಧೂಳು ಊದಿ ತೆಗೆದು, ಹಿಗ್ಗು-ಕುಗ್ಗು ತಾಳುವ ಪಾಲಿಮರ್ ಫಿಲ್ಲರ್ ತುಂಬಿ, ಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಹಚ್ಚಿಸಿ. ಹಚ್ಚುವುದು ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ. ಕಾದ ತಾರಸಿಗೆ ಹಚ್ಚಿದರೆ ಮೇಲ್ಪದರ ತಕ್ಷಣ ಒಣಗಿ, ಒಳಗಿನ ಗಾಳಿ ಗುಳ್ಳೆಯಾಗಿ ಏಳುತ್ತದೆ. ತಾರಸಿಯ ಒಳಗೆ ತೇವ ಉಳಿದಿದೆಯೇ ಎಂಬ ಅನುಮಾನವಿದ್ದರೆ ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಮರುದಿನ ಎತ್ತಿ ನೋಡಿ. ಅಡಿಯಲ್ಲಿ ಹನಿಗಟ್ಟಿದ್ದರೆ ಇನ್ನಷ್ಟು ದಿನ ಕಾಯಿರಿ.

ಬೇಸಿಗೆಯ ಕಾಂಕ್ರೀಟ್ ಮತ್ತು ಗಾರೆಗೆ ಇನ್ನೊಂದು ಕಷ್ಟ ಕ್ಯೂರಿಂಗ್, ಅಂದರೆ ಗಟ್ಟಿಯಾಗುವವರೆಗೆ ತೇವ ಆರದಂತೆ ನೋಡಿಕೊಳ್ಳುವುದು. ಬಾವಿ ತಳ ಕಾಣುವ ಕಾಲದಲ್ಲೇ ಸಿಮೆಂಟ್ ನೀರು ಕೇಳುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಪ್ರಕಾರ ಒಣ ಬಿಸಿ ಹವೆಯಲ್ಲಿ ಕನಿಷ್ಠ 10 ದಿನ ತೇವ ಕಾಯಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿಯಂಥದ್ದು ಬೆರೆಸಿದ ಪಿಪಿಸಿ ಸಿಮೆಂಟಿಗೆ 14 ದಿನ ಒಳ್ಳೆಯದು. ದಿನಕ್ಕೆರಡು ಸಲ ಪೈಪ್ ಹಿಡಿದು ತೋಯಿಸಿದರೆ ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ, ನೀರೂ ದಂಡ. ಗೋಣಿಚೀಲ ಹಾಸಿ ನೆನೆಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ. ಬಹಳ ಕಡಿಮೆ ನೀರಿನಲ್ಲಿ ಕೆಲಸ ಆಗುತ್ತದೆ. ನೀರು ಇಲ್ಲವೇ ಇಲ್ಲ ಎಂದಾದರೆ ಕಾಂಕ್ರೀಟ್ ಕೆಲಸವನ್ನೇ ಮುಂದೂಡಿ, ಅರೆಬರೆ ಕ್ಯೂರಿಂಗ್ ಮಾಡಿದ್ದಕ್ಕಿಂತ ಅದು ಲೇಸು.

ದಿನದ ಲೆಕ್ಕವನ್ನು ನಾನು ಕ್ಯಾಲೆಂಡರಿನ ತಿಂಗಳಿನಲ್ಲಿ ಹಾಕುವುದಿಲ್ಲ, ಮಳೆ ನಕ್ಷತ್ರದಲ್ಲಿ ಹಾಕುತ್ತೇನೆ. ಭರಣಿ ಏಪ್ರಿಲ್ ಕೊನೆಯ ವಾರ ಹುಟ್ಟುತ್ತದೆ. ಆ ಹೊತ್ತಿಗೆ ಸಂಜೆಯ ಗುಡುಗು ಮಳೆ ಶುರುವಾಗಿರುತ್ತದೆ, ಬಿಚ್ಚಿದ ಮಾಡು, ಅಗೆದ ಅಂಗಳ ಅಷ್ಟರೊಳಗೆ ಮುಚ್ಚಿರಬೇಕು. ಕೃತ್ತಿಕೆಯಲ್ಲಿ ಚರಂಡಿ, ದಂಬೆ, ಬಸಿಗಾಲುವೆಯ ಕೆಲಸ. ರೋಹಿಣಿ ಹುಟ್ಟಿದ ಮೇಲೆ ಹೊಸದೇನನ್ನೂ ಹಿಡಿಯಬಾರದು. ಕೆಲಸದವರೂ ಆಗ ಗದ್ದೆ, ತೋಟ ಎಂದು ತಮ್ಮ ಮನೆಯ ದಾರಿ ಹಿಡಿಯುತ್ತಾರೆ. ಅವರಿಗೂ ಮಾಡು ಕೈಯಾಡಿಸಬೇಕಿರುತ್ತದೆ.

ಬಣ್ಣ? ಈ ಬೇಸಿಗೆಯಲ್ಲಿ ರಿಪೇರಿಯಾದ ಗೋಡೆಗೆ ಈ ವರ್ಷವೇ ಬಣ್ಣ ಬೇಡ ಎಂದು ಹೇಳಿದಾಗ ಮನೆಯವರ ಮುಖ ಸಣ್ಣದಾಗುತ್ತದೆ. ಒಂದು ಮಳೆಗಾಲ ಆ ಗೋಡೆ ಬರಿಗೋಡೆಯಾಗಿ ಕಳೆಯಲಿ. ತೇವ ಮತ್ತೆ ಬಂದರೆ ಎಲ್ಲಿಂದ ಬಂತೆಂದು ಕಾಣುತ್ತದೆ, ಬರದಿದ್ದರೆ ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ನಿಶ್ಚಿಂತೆಯಿಂದ ಬಳಿಯಿರಿ. ಆ ಬಣ್ಣ ನಿಲ್ಲುತ್ತದೆ.

ಮೃಗಶಿರೆಯ ಮೊದಲ ಜೋರು ಮಳೆಗೆ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಧರೆಯಿಂದ ಕೆಸರು ನೀರು ಎಲ್ಲಿ ಇಳಿಯುತ್ತಿದೆ, ಪೈಪುಗಳಲ್ಲಿ ಯಾವುದು ಸುರಿಯುತ್ತಿಲ್ಲ, ಅಂಗಳದ ಯಾವ ಮೂಲೆಯಲ್ಲಿ ನೀರು ನಿಂತಿದೆ ಎಂದು ಫೋನಿನಲ್ಲಿ ಫೋಟೊ ತೆಗೆದಿಡಿ. ಮುಂದಿನ ಫೆಬ್ರವರಿಯಲ್ಲಿ ನಮ್ಮಂಥವರು ಬಂದಾಗ ಮೊದಲು ಕೇಳುವುದು ಅದನ್ನೇ.