ಬ್ಲೇಕ್ ಬಿಡಿಸಿದ ದೇವರು ಯಾರು?

ಬಿಳಿ ಗಡ್ಡದ ಮುದುಕನೊಬ್ಬ ಸೂರ್ಯನೊಳಗಿಂದ ಬಾಗಿ, ಕೆಳಗಿನ ಕತ್ತಲೆಗೆ ಕೈವಾರ ಹಿಡಿದಿದ್ದಾನೆ. ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್‌ನ ಈ ಚಿತ್ರ ನೋಡಿ ಸೃಷ್ಟಿಕರ್ತ ಅಂದುಕೊಳ್ಳುವವರೇ ಜಾಸ್ತಿ. ಬ್ಲೇಕ್ ಕಟ್ಟಿದ ಪುರಾಣದಲ್ಲಿ ಅವನು ಯೂರಿಜನ್. ಅಳತೆ, ಕಟ್ಟಳೆಗಳಲ್ಲಿ ಲೋಕವನ್ನು ಬಿಗಿಯುವವನು. ಹಾಗಾದರೆ ಬ್ಲೇಕ್ ಭಕ್ತನೋ, ಧರ್ಮದ ವಿರೋಧಿಯೋ, ಹುಚ್ಚನೋ? ಈ ವಾದ ಅವನು ಬದುಕಿದ್ದಾಗಲೇ ಶುರುವಾಯಿತು.

ಅವನು ಹುಟ್ಟಿದ್ದು 1757ರಲ್ಲಿ, ಲಂಡನ್ನಿನ ಸೋಹೋದಲ್ಲಿ. ಹೊಟ್ಟೆಪಾಡಿಗೆ ತಾಮ್ರದ ತಗಡಿನ ಕೆತ್ತನೆ ಕೆಲಸ. 1787ರಲ್ಲಿ ತಮ್ಮ ರಾಬರ್ಟ್ ತೀರಿಕೊಂಡ. ಅವನೇ ದರ್ಶನದಲ್ಲಿ ಬಂದು ಹೊಸ ಬಗೆಯ ಅಚ್ಚಿನ ದಾರಿ ತೋರಿಸಿದ ಎಂದು ಬ್ಲೇಕ್ ನಂಬಿದ್ದ. ಆಸಿಡ್ ತಾಗದ ವಾರ್ನಿಷ್‌ನಲ್ಲಿ ತಗಡಿನ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಬರೆಯಬೇಕು, ಜೊತೆಗೇ ಚಿತ್ರ. ಉಳಿದ ತಾಮ್ರವನ್ನು ಆಸಿಡ್ ತಿನ್ನುತ್ತದೆ, ಬರೆದದ್ದು ಉಬ್ಬಿ ನಿಲ್ಲುತ್ತದೆ. ಅಚ್ಚು ಹಾಕಿದ ಮೇಲೆ ಅವನೂ ಹೆಂಡತಿ ಕ್ಯಾಥರೀನಳೂ ಕೈಯಲ್ಲೇ ಬಣ್ಣ ತುಂಬುತ್ತಿದ್ದರು. ಹಾಗಾಗಿ ಒಂದು ಪ್ರತಿಯಂತೆ ಇನ್ನೊಂದಿಲ್ಲ. ಪದ್ಯದ ಸಾಲಿನಿಂದಲೇ ಬಳ್ಳಿ ಚಿಗುರಿ ಚಿತ್ರಕ್ಕೆ ಹಬ್ಬುತ್ತದೆ. ಇವೆರಡನ್ನೂ ಬೇರೆ ಮಾಡಿದರೆ ಉಳಿಯುವುದು ಅರ್ಧ ಮಾತು ಮಾತ್ರ, ಅಲ್ವಾ?

ಆದರೆ ಆದದ್ದು ಅದೇ. 1809ರಲ್ಲಿ ಅಣ್ಣನ ಮನೆಯಲ್ಲಿ ಪ್ರದರ್ಶನ ಇಟ್ಟಾಗ ಜನ ಬರಲಿಲ್ಲ. ಒಂದು ಪತ್ರಿಕೆ ಅವನನ್ನು ಹುಚ್ಚ ಎಂದೇ ಬರೆಯಿತು. 1827ರಲ್ಲಿ ಸತ್ತಾಗ ಗೋರಿಗೆ ಕಲ್ಲೂ ಇರಲಿಲ್ಲ. 1863ರಲ್ಲಿ ಗಿಲ್‌ಕ್ರಿಸ್ಟ್ ಬರೆದ ಜೀವನಚರಿತ್ರೆ ಬಂದ ಮೇಲೆ ಓದುಗರು ಹೆಚ್ಚಿದರು. ಪದ್ಯಗಳು ಮಾಮೂಲಿ ಅಚ್ಚಿಗೆ ಹೋದವು, ಚಿತ್ರಗಳು ಗೋಡೆಗೆ ಹೋದವು. ಬರೀ ಅಳತೆಯಲ್ಲಿ ಮುಳುಗಿದವನೆಂದು ಬ್ಲೇಕ್ ಚಿತ್ರಿಸಿದ್ದ ನ್ಯೂಟನ್, ಆಮೇಲೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಅಂಗಳದಲ್ಲಿ ದೊಡ್ಡ ಕಂಚಿನ ಪ್ರತಿಮೆಯಾಗಿ ಕೂತ.

ಅವನ ಧರ್ಮ ಎಂಥದ್ದು ಅಂತ ತಿಳಿಯಲು 1826ರ ಯೋಬನ ಕೆತ್ತನೆಗಳನ್ನೇ ನೋಡಬೇಕು. ಯೋಬ ಅಂದರೆ ಬೈಬಲಿನಲ್ಲಿ ದೇವರ ಪರೀಕ್ಷೆಗೆ ಸಿಕ್ಕಿ ಕಷ್ಟಪಟ್ಟ ಭಕ್ತ. ಒಟ್ಟು 21 ಚಿತ್ರ. ಮೊದಲನೆಯದರಲ್ಲಿ ಯೋಬನ ಮನೆಯವರು ಮರದಡಿ ಗ್ರಂಥ ಹಿಡಿದು ಪ್ರಾರ್ಥಿಸುತ್ತಾರೆ, ವಾದ್ಯಗಳು ಸುಮ್ನೆ ಮರದಲ್ಲಿ ನೇತಾಡುತ್ತವೆ. ಅಕ್ಷರ ಕೊಲ್ಲುತ್ತದೆ, ಆತ್ಮ ಬದುಕಿಸುತ್ತದೆ ಎಂಬ ಬೈಬಲ್ ಮಾತು ಅದೇ ಹಾಳೆಯಲ್ಲಿದೆ. ಹನ್ನೊಂದನೆಯದರಲ್ಲಿ ಯೋಬನ ಕನಸಿಗೆ ದೇವರು ಬರುತ್ತಾನೆ. ಮೈಗೆ ಹಾವು ಸುತ್ತಿದೆ, ಕೈ ದೇವರ ಕಟ್ಟಳೆಗಳನ್ನು ಕೆತ್ತಿದ ಕಲ್ಲುಗಳತ್ತ ತೋರಿಸುತ್ತಿದೆ, ಒಂದು ಕಾಲಿಗೆ ಸೀಳು ಗೊರಸು! ಯೋಬ ಅಲ್ಲಿವರೆಗೆ ಹೆದರಿ ಪೂಜಿಸಿದ್ದು ಇವನನ್ನೇ. ಕೊನೆಯ ಚಿತ್ರದಲ್ಲಿ ಎಲ್ಲರೂ ಎದ್ದು ನಿಂತು ಅದೇ ವಾದ್ಯ ನುಡಿಸುತ್ತಾರೆ. ಇಲ್ಲಿ ನನಗೆ ಕಾಣುವವನು ಭಯದ ದೇವರನ್ನು ಒಪ್ಪದ ಭಕ್ತ.

ಪದ್ಯ, ಚಿತ್ರ ಬೇರೆಯಾಗಿದ್ದ ತೊಡಕು ಈಗ ಸ್ವಲ್ಪ ಸಡಿಲಾಗಿದೆ. 1996ರಲ್ಲಿ ಶುರುವಾದ ಬ್ಲೇಕ್ ಆರ್ಕೈವ್ ಎಂಬ ಜಾಲತಾಣ ಬೇರೆ ಬೇರೆ ಕಡೆ ಚದುರಿದ ಪ್ರತಿಗಳನ್ನು ಒಂದೇ ಕಡೆ, ಪುಟವನ್ನು ಪುಟವಾಗಿಯೇ ತೋರಿಸುತ್ತದೆ.