ಮಿಸ್ಸಿಂಗ್ ಅಂದರೆ ಹಾರದ ಈಡು

ಕಳೆದ ವಾರ ಕೊಟ್ಟಿಗೆಹಾರದಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಪಕ್ಕದ ಕಾರಿನವರು ಫೋನಿನಲ್ಲಿ ‘ಗಾಡಿ ಸಿಕ್ಕಾಪಟ್ಟೆ ಮಿಸ್ಸಿಂಗ್ ಹೊಡೀತಿದೆ ಕಣೋ’ ಅನ್ನುತ್ತಿದ್ದರು. ಮೂಗಿಗೆ ಬಡಿಯುತ್ತಿದ್ದದ್ದು ಸುಟ್ಟ ಕ್ಲಚ್ಚಿನ ವಾಸನೆ. ಎರಡು ದಿನ ಮುಂಚೆ ನಮ್ಮ ಭಾವನೂ ತಮ್ಮ ಡೀಸೆಲ್ ಜೀಪಿಗೆ ಇದೇ ಮಾತು ಹೇಳಿ, ‘ಪ್ಲಗ್ ಚೇಂಜ್ ಮಾಡಿಸ್ಬೇಕು’ ಅಂದಿದ್ದರು. ಡೀಸೆಲ್ಲಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ ಭಾವ! ಇರುವುದು ಚಳಿಗೆ ಸ್ಟಾರ್ಟ್ ಆಗಲು ಬಿಸಿ ಮಾಡುವ ಪ್ಲಗ್, ಅದು ಬೇರೆ ಕಥೆ. ಗಾಡಿ ಜರ್ಕ್ ಹೊಡೆದರೆ ಮಿಸ್ಸಿಂಗ್, ನಡುಗಿದರೆ ಮಿಸ್ಸಿಂಗ್, ಏರು ಹತ್ತದಿದ್ದರೂ ಮಿಸ್ಸಿಂಗ್. ಹೀಗೆ ಎಲ್ಲಕ್ಕೂ ಒಂದೇ ಪದ ಅಂಟಿಸಿದರೆ ಮೆಕ್ಯಾನಿಕ್ ಪಾಪ ಏನು ಅಂತ ಹುಡುಕಬೇಕು?

ಈ ಪದಕ್ಕೂ ‘ಕಾಣೆಯಾಗಿದೆ’ ಅನ್ನುವ ಮಿಸ್ಸಿಂಗಿಗೂ ನಂಟು ಹಚ್ಚಬೇಡಿ. ಇದರ ಹಿಂದೆ ಇರುವುದು ಮಿಸ್‌ಫೈರ್. ಆ ಪದ ಕಾರಿಗೆ ಬಂದದ್ದು ಆಮೇಲೆ, ಮೊದಲು ಇದ್ದದ್ದು ಕೋವಿಗೆ. ಕೇಪಿನ ಕೋವಿ ನೋಡಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಮದ್ದು ತುಂಬಿದ್ದೀರಿ, ಅದಕ್ಕೆ ಕಿಡಿ ಕೊಡುವ ಕೇಪು ಇಟ್ಟಿದ್ದೀರಿ, ಗುರಿ ಹಿಡಿದು ಎಳೆದಿರಿ, ಟಕ್ ಅಂದಿತು, ಅಷ್ಟೇ. ಈಡು ಹಾರಲಿಲ್ಲ. ಕೇಪೇ ಠುಸ್ ಆಗಿರಬಹುದು, ಕೇಪು ಸಿಡಿದರೂ ಒಳಗಿನ ಮದ್ದು ಥಂಡಿ ಹಿಡಿದಿರಬಹುದು. ಹಾರಲಿಲ್ಲ ಅನ್ನುವುದೊಂದೇ ಮಿಸ್‌ಫೈರ್. ಯಾಕೆ ಹಾರಲಿಲ್ಲ ಅನ್ನುವುದನ್ನು ಆ ಪದ ಹೇಳುವುದಿಲ್ಲ. ಎಂಜಿನ್ನಿನಲ್ಲೂ ಹಾಗೇ, ಸಿಲಿಂಡರ್ ಅನ್ನುವ ಕೊಳವೆಯೊಳಗೆ ಪೆಟ್ರೋಲು ಒಂದು ಸಲ ಹೊತ್ತಿಕೊಂಡರೆ ಒಂದು ಈಡು. ಕಿಡಿ ಕೊಡುವ ಪ್ಲಗ್, ಕಾಯಿಲ್, ವೈರ್ ಎಲ್ಲ ಕೇಪಿನ ಕಡೆಯವು. ಪೆಟ್ರೋಲು, ಗಾಳಿ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್, ಎರಡನ್ನೂ ಅಮುಕಿ ಹಿಡಿಯುವ ಕಂಪ್ರೆಶನ್ ಮದ್ದಿನ ಕಡೆಯವು. ಮಿಸ್ಸಿಂಗ್ ಅಂದಕೂಡಲೇ ಪ್ಲಗ್ ಬಿಚ್ಚುವವರು ಒದ್ದೆ ಮದ್ದಿಗೆ ಹೊಸ ಕೇಪು ಇಡುತ್ತಿರಲೂಬಹುದು. ನಮ್ಮ ಭಾವನ ಜೀಪಿನಲ್ಲಿ ಆಗಿದ್ದೂ ಅದೇ, ಡೀಸೆಲ್ ಲೈನಿಗೆ ಗಾಳಿ ಸೇರಿತ್ತು. ಪದ ಸರಿಯಿತ್ತು, ಮದ್ದು ತಪ್ಪಿತ್ತು.

ಅಂದಹಾಗೆ, ಹೊಡೆಯದೇ ಇರುವುದಕ್ಕೇ ನಾವು ‘ಹೊಡೀತಿದೆ’ ಅಂತೀವಿ. ಇರಲಿ, ಕನ್ನಡದಲ್ಲಿ ಬಿಸಿಲೂ ಹೊಡೆಯುತ್ತದೆ, ಗಬ್ಬೂ ಹೊಡೆಯುತ್ತದೆ. ಮಿಸ್ಸಿಂಗೂ ಹೊಡೆಯಲಿ ಬಿಡಿ.

ಗುರುತು ಇರುವುದು ತಾಳದಲ್ಲಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 800 ಸುತ್ತು, ಅಂದರೆ 800 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ನಿಮಿಷಕ್ಕೆ 1,600 ಈಡು, ಎರಡು ಸುತ್ತಿಗೊಂದರಂತೆ ಒಂದೊಂದು ಸಿಲಿಂಡರಿಗೆ 400. ಅದರಲ್ಲಿ ಒಂದು ಸತ್ತರೆ ಮೂರು ಪೆಟ್ಟು ಬಿದ್ದು ನಾಲ್ಕನೆಯದು ಖಾಲಿ, ಮತ್ತೆ ಮೂರು, ಮತ್ತೆ ಖಾಲಿ. ಸೈಲೆನ್ಸರ್ ಹಿಂದೆ ಕೈ ಹಿಡಿದರೆ ಗಾಳಿ ಕುಂಟುವುದು ಗೊತ್ತಾಗುತ್ತದೆ. ಈಗಿನ ಎಷ್ಟೋ ಸಣ್ಣ ಕಾರುಗಳು ಮೂರು ಸಿಲಿಂಡರಿನವು, ಹುಟ್ಟಿನಿಂದಲೇ ಸ್ವಲ್ಪ ನಡುಗುತ್ತವೆ, ಅದು ಮಿಸ್ಸಿಂಗ್ ಅಲ್ಲ. ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಪಿಕಪ್ ಬಿದ್ದಂತೆ ಆಗುವುದೂ ಅಲ್ಲ. ತುದಿ 1,900 ಮೀಟರಿಗಿಂತ ಎತ್ತರ, ಗಾಳಿ ತೆಳು, ಗಾಳಿ ತುರುಕುವ ಟರ್ಬೊ ಇಲ್ಲದ ಎಂಜಿನ್ ಸೊರಗುವುದು ಸಹಜ. ಸೊರಗಿದರೂ ತಾಳ ತಪ್ಪುವುದಿಲ್ಲ. ಏರಿನಲ್ಲಿ ಟಾಪ್ ಗೇರಿಗೆ ಹಾಕಿ ಅಮುಕಿದಾಗ ಕಟಕಟ ಅನ್ನುವುದು ನಾಕಿಂಗ್. ಅಲ್ಲಿ ಮದ್ದು ಹೊತ್ತಿಕೊಳ್ಳುತ್ತದೆ, ಹೊತ್ತಬೇಕಾದ ರೀತಿಯಲ್ಲಿ ಅಲ್ಲ. ಎರಡನ್ನೂ ಒಂದೇ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ.

ಕಿಡಿಯ ಕಡೆಯ ಮಿಸ್ಸಿಂಗಿಗೆ ಒಂದು ಚಾಳಿ ಇದೆ. ಊರೊಳಗೆ ಸರಿಯಾಗಿರುತ್ತದೆ, ಘಟ್ಟ ಹತ್ತುವಾಗ ಕೈಕೊಡುತ್ತದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸಿ, ಪ್ಲಗ್ಗಿನ ತುದಿಯಲ್ಲಿರುವ ಸುಮಾರು 1 ಮಿಲಿಮೀಟರ್ ಗ್ಯಾಪ್ ಹಾರಿಸಬೇಕು. ಆಕ್ಸಿಲರೇಟರ್ ಅಮುಕಿದಷ್ಟೂ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ, ಆ ಗ್ಯಾಪ್ ಹಾರುವುದು ಕಷ್ಟ. ಸವೆದ ಪ್ಲಗ್ಗಿನಲ್ಲಿ ಗ್ಯಾಪ್ ಬೇರೆ ಅಗಲವಾಗಿರುತ್ತದೆ. ಆಗ ಕರೆಂಟು ಸುಲಭದ ದಾರಿ ಹುಡುಕಿ, ಕಾಯಿಲಿನ ಬಿರುಕಿನಿಂದಲೋ ಹಳೇ ವೈರಿನಿಂದಲೋ ಎಂಜಿನ್ನಿನ ಮೈಗೆ ಸೋರಿಬಿಡುತ್ತದೆ. ನಮ್ಮ ಮಳೆಗಾಲದ ಥಂಡಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಪ್ಲಗ್ ವೈರ್ ಇರುವ ಹಳೇ ಗಾಡಿಯಾದರೆ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿ, ವೈರಿನ ಮೇಲೆ ನೀಲಿ ಕಿಡಿ ಕುಣಿಯುವುದು ಕಣ್ಣಿಗೇ ಕಾಣಿಸಬಹುದು. ಕೈ ಮಾತ್ರ ಹಾಕಬೇಡಿ.

ನನ್ನ ಕಾರೇ ಹೋದ ಮಳೆಗಾಲದಲ್ಲಿ ಚಾರ್ಮಾಡಿ ಹತ್ತುವಾಗ ಹೀಗೆ ಕುಂಟಿತು. ಒಂದು ಗ್ಯಾರೇಜಿನವರು ಪೆಟ್ರೋಲ್ ಸರಿಯಿಲ್ಲ ಅಂದರು, ಫಿಲ್ಟರ್ ಬದಲಿಸಿದರು, ಇಂಜೆಕ್ಟರ್ ತೊಳೆದರು. ಬಿಲ್ಲು ಮಾತ್ರ ಒಂದು ಸಲವೂ ಮಿಸ್ ಆಗಲಿಲ್ಲ. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್, ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪು ಓದುವ ಸ್ಕ್ಯಾನರ್ ಹಾಕಿದ. ಪಿ0302 ಅಂತ ಕೋಡ್ ಬಂತು, ಅಂದರೆ ಎರಡನೇ ಸಿಲಿಂಡರ್. ಪಿ0300 ಬಂದಿದ್ದರೆ ಇಂಥದ್ದೇ ಸಿಲಿಂಡರ್ ಅಂತ ಇಲ್ಲ, ಎಲ್ಲೆಲ್ಲೋ ತಪ್ಪುತ್ತಿದೆ ಅಂತ ಅರ್ಥ. ಕೋಡು ಸಿಲಿಂಡರ್ ತೋರಿಸುತ್ತದೆ, ಕೆಟ್ಟ ಪಾರ್ಟ್ ತೋರಿಸುವುದಿಲ್ಲ. ಅವನು ಹೊಸ ಪಾರ್ಟ್ ಏನೂ ತರಿಸಲಿಲ್ಲ. ಎರಡನೆಯದರ ಕಾಯಿಲ್ ಕಿತ್ತು ಮೂರನೆಯದಕ್ಕೆ ಹಾಕಿದ, ಮೂರರದ್ದು ಎರಡಕ್ಕೆ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿಕೊಂಡು ಬಂದ. ಈಗ ಪಿ0303. ತಪ್ಪು ಕಾಯಿಲಿನ ಜೊತೆಗೇ ಹೋಗಿತ್ತು. ಕೋಡ್ ಎರಡರಲ್ಲೇ ಉಳಿದಿದ್ದರೆ ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿ, ಆಗಲೂ ಉಳಿದರೆ ಮದ್ದಿನ ಕಡೆ ನೋಡಬೇಕಿತ್ತು. ಕಾಯಿಲ್ ಹೊರಗೆ ತೆಗೆದಾಗ ಪ್ಲಗ್ಗಿನ ಗುಂಡಿಯಲ್ಲಿ ಆಯಿಲ್ ನಿಂತಿದೆಯಾ ಅಂತಲೂ ಇಣುಕಿ ನೋಡಿದ. ನಿಂತಿದ್ದರೆ ಮೇಲಿನ ಕವರಿನ ಗ್ಯಾಸ್ಕೆಟ್ ಸೋರುತ್ತಿದೆ ಅಂತ, ಅದನ್ನು ಹಾಗೇ ಬಿಟ್ಟರೆ ಹೊಸ ಕಾಯಿಲಿನ ರಬ್ಬರೂ ಹಾಳು.

ಇನ್ನು ಡ್ಯಾಶ್‌ಬೋರ್ಡಿನ ಚೆಕ್ ಎಂಜಿನ್ ದೀಪ. ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ಮುಟ್ಟಬಹುದು. ಮಿಣುಕುತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು ಗಾಡಿ ಬದಿಗೆ ಹಾಕಿ. ಹೊತ್ತದ ಪೆಟ್ರೋಲು ನೇರ ಹೋಗಿ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿರುತ್ತದೆ, ಮತ್ತು ಅದರ ಬೆಲೆಯ ಮುಂದೆ ಕಾಯಿಲ್ ಏನೇನೂ ಅಲ್ಲ.